ರೆಕ್ಕೆ ಬಂದ ಲೋಹಗಳು

ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಮುಗಿದ ವಾರ ವಿಜಯಪುರದಿಂದ ತೊರವಿ ದಾಟಿ ತಿಕೋಟಾ ಕಡೆ ಹೋದರೆ ಹೊಲಗಳ ಬದುವಿನ ಮೇಲೆ ದ್ರಾಕ್ಷಿ ಕಡ್ಡಿಯ ರಾಶಿಗಳು ಕಾಣುತ್ತವೆ. ಬಳ್ಳಿ ಸವರಿದವರು ಕಡ್ಡಿಗಳನ್ನು ಸಾಲಿನಿಂದ ಹೊರಗೆಳೆದು ಅಲ್ಲಿ ಒಟ್ಟಿರುತ್ತಾರೆ. ನಾಲ್ಕು ದಿನ ಬಿಸಿಲು ಕಂಡ ಮೇಲೆ ಅವಕ್ಕೆ ಬೆಂಕಿ. ಬಬಲೇಶ್ವರದ ಕಡೆಗೂ ಇದೇ ನೋಟ. ಒಂದು ಕಡ್ಡಿ ಕೈಗೆತ್ತಿಕೊಂಡು ನೋಡಿ. ಹೆಬ್ಬೆರಳಿನ ಗಾತ್ರ, ಉಗುರು ತಾಗಿಸಿದರೆ ನಾರುನಾರಾಗಿ ಸುಲಿಯುವ ಸಿಪ್ಪೆ. ಗಂಟಿನ ಸಂದಿನಲ್ಲಿ, ಮಳೆಗೆ ತೊಳೆದು ಹೋಗದ ಕಡೆ, ತಿಳಿನೀಲಿ ಪುಡಿ ಅಂಟಿಕೊಂಡಿರುತ್ತದೆ. ಅದು ಬೋರ್ಡೋ ದ್ರಾವಣದ ಗುರುತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವೇ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯ ಬೂಷ್ಟು ರೋಗಕ್ಕೆ ಇದು ಮದ್ದೆಂದು ಮಿಲಾರ್ಡೆ 1885ರಲ್ಲಿ ಸಾರಿದರು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಸಲು ಕಲಿಸಿದರು. ಮೈಲುತುತ್ತದ ಖಾಲಿ ಚೀಲ ಬೆಂಕಿಗೆ ಬಿದ್ದಾಗ ಜ್ವಾಲೆಯ ಅಂಚು ಹಸಿರಾಗುವುದನ್ನು ನಾನು ನೋಡಿದ್ದೇನೆ. ಬೆಂಕಿಯೊಳಗೆ ತಾಮ್ರ ಇದೆ ಎಂದು ಹೇಳುವ ಹಸಿರು ಅದು.

ಹೀಗೆ ಬದುವಿನ ಮೇಲೆ ಸುಟ್ಟು ಕಳೆಯುವ ಕಡ್ಡಿ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಇವೆಲ್ಲವನ್ನೂ ಅನಿಲವಾಗಿಸಬಹುದು. ಆ ಅನಿಲದಿಂದ ವಿದ್ಯುತ್ತು, ಹೈಡ್ರೋಜನ್, ಮೆಥನಾಲ್ ಪಡೆಯಬಹುದು. ಈ ಮಾತನ್ನು ಈಗ ಎಲ್ಲ ಕಡೆ ಕೇಳುತ್ತೇವೆ, ಮತ್ತು ಅದು ನಿಜ. ಆದರೆ ಗಂಟಿನ ಸಂದಿನ ಆ ನೀಲಿ ಪುಡಿ ಎಲ್ಲಿಗೆ ಹೋಗುತ್ತದೆ? ಕಣ್ಣಿಗೆ ಕಾಣದೆ ಕಡ್ಡಿಯೊಳಗೂ ಕಲ್ಲಿದ್ದಲಿನೊಳಗೂ ಕುಳಿತಿರುವ ಮಿಕ್ಕ ಲೋಹಗಳು ಎಲ್ಲಿಗೆ ಹೋಗುತ್ತವೆ? ಅನಿಲ ಮಾಡುವುದಕ್ಕಿಂತ ಅನಿಲವನ್ನು ತೊಳೆಯುವುದು ಕಷ್ಟದ ಕೆಲಸ. ತೊಳೆಯುವುದರಲ್ಲೂ ಲೋಹದ ಚೂರುಪಾರನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ.

ಅನಿಲ ಹುಟ್ಟುವುದು ಹೀಗೆ. ಕಟ್ಟಿಗೆಗೆ ಸಾಕಷ್ಟು ಗಾಳಿ ಸಿಕ್ಕರೆ ಅದು ಪೂರ್ತಿ ಉರಿದು ಬೂದಿಯಾಗುತ್ತದೆ. ಬೇಕಾದ ಗಾಳಿಯಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಮಾತ್ರ ಒಳಗೆ ಬಿಟ್ಟರೆ, ಅರೆಬರೆ ಉರಿದ ಆ ಬಿಸಿಯಲ್ಲಿ ಉಳಿದ ಕಟ್ಟಿಗೆ ಒಡೆದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಹೊರಬರುತ್ತವೆ. ಒಂದು ಕಿಲೋ ಒಣ ಕಟ್ಟಿಗೆಯಿಂದ ಸುಮಾರು ಎರಡೂವರೆ ಘನ ಮೀಟರ್ ಅನಿಲ. ಗಾಳಿಯಿಂದ ಮಾಡಿದ್ದಾದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೈಟ್ರೋಜನ್, ಸುಮ್ಮನೆ ಭಾರ. ಗಾಳಿಯ ಬದಲು ಆಕ್ಸಿಜನ್ ಮತ್ತು ಹಬೆ ಕೊಟ್ಟರೆ ನೈಟ್ರೋಜನ್ ಇಲ್ಲದ ಗಟ್ಟಿ ಅನಿಲ ಸಿಗುತ್ತದೆ. ಅದನ್ನೇ ಸಿನ್‌ಗ್ಯಾಸ್ ಎನ್ನುತ್ತಾರೆ.

ಕರ್ನಾಟಕಕ್ಕೆ ಇದು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ಬಸ್ ಹೊರಡುವ ಮೊದಲು ಒಲೆಯ ತಿದಿ ತಿರುಗಿಸುವುದೇ ಒಂದು ಕೆಲಸವಾಗಿತ್ತೆಂದು ಹಳಬರು ಹೇಳುತ್ತಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಕೇಂದ್ರ ಕಟ್ಟಿದರು. ಅದೇ ಸಂಸ್ಥೆಯಲ್ಲಿ ಎಚ್.ಎಸ್. ಮುಕುಂದ, ಯು. ಶ್ರೀನಿವಾಸ, ಎಸ್. ದಾಸಪ್ಪ ಮೊದಲಾದವರು ಕಟ್ಟಿಗೆಯನ್ನು ಅನಿಲವಾಗಿಸುವ, ಮೇಲ್ಬಾಯಿ ತೆರೆದ ಗ್ಯಾಸಿಫೈಯರ್ ರೂಪಿಸಿದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅಂಥದೊಂದು ಗ್ಯಾಸಿಫೈಯರಿನ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಊಡಿ ಮನೆಗಳ ದೀಪ ಹೊತ್ತಿಸಿದರು. ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಘಟಕ ಬಂತು.

ಆ ದಿನಗಳ ಚಿಂತೆಯೆಲ್ಲ ಟಾರು ಮತ್ತು ಧೂಳಿನದು. ಎಂಜಿನ್ನಿನ ವಾಲ್ವಿಗೆ ಟಾರು ಅಂಟಬಾರದು, ಸಿಲಿಂಡರನ್ನು ಧೂಳು ಸವೆಸಬಾರದು. ಅಷ್ಟಾದರೆ ಎಂಜಿನ್ ಓಡುತ್ತದೆ. ಅನಿಲದಲ್ಲಿ ಒಂದಿಷ್ಟು ಪೊಟ್ಯಾಶಿಯಂ, ಒಂದಿಷ್ಟು ಸತುವು ಇದ್ದರೆ ಎಂಜಿನ್ ದೂರು ಹೇಳುವುದಿಲ್ಲ.

ಈಗ ಕೆಲಸ ಬದಲಾಗಿದೆ. 2022ರಲ್ಲಿ ದಾಸಪ್ಪನವರ ತಂಡ ಜೀವರಾಶಿಗೆ ಆಕ್ಸಿಜನ್ ಮತ್ತು ಹಬೆ ಕೊಟ್ಟು ಒಂದು ಕಿಲೋದಿಂದ 100 ಗ್ರಾಂ ಹೈಡ್ರೋಜನ್ ತೆಗೆದದ್ದನ್ನು ಪ್ರಕಟಿಸಿತು. ಒಂದು ಕಿಲೋ ಜೀವರಾಶಿಯಲ್ಲಿರುವ ಹೈಡ್ರೋಜನ್ ಕೇವಲ 60 ಗ್ರಾಂ. ಮಿಕ್ಕದ್ದು ಹಬೆಯ ನೀರಿನಿಂದ ಬಂದದ್ದು. ಲೆಕ್ಕ ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಈ ಹೈಡ್ರೋಜನ್ ಹೋಗಬೇಕಾದ್ದು ಇಂಧನ ಕೋಶಕ್ಕೆ, ಪ್ಲಾಟಿನಂ ಲೇಪದ ಪೊರೆಯ ಬಳಿಗೆ. ಸಿನ್‌ಗ್ಯಾಸಿನಿಂದ ಮೆಥನಾಲ್ ಮಾಡುವುದಾದರೆ ಅನಿಲ ತಾಮ್ರ ಮತ್ತು ಸತುವಿನ ಆಕ್ಸೈಡಿನ ವೇಗವರ್ಧಕದ ಮೇಲೆ ಹಾಯಬೇಕು. ಎಂಜಿನ್ ಒರಟು ಆಳು, ವೇಗವರ್ಧಕ ಹಾಗಲ್ಲ.

ವೇಗವರ್ಧಕದ ಮೈಯನ್ನು ಊರ ಮುಂದಿನ ಕಟ್ಟೆ ಎಂದುಕೊಳ್ಳಿ. ಅಣುಗಳು ಬಂದು ಕೂರುತ್ತವೆ, ಪಕ್ಕದವರೊಡನೆ ವ್ಯವಹಾರ ಮುಗಿಸುತ್ತವೆ, ಹೊಸ ರೂಪದಲ್ಲಿ ಎದ್ದು ಹೋಗುತ್ತವೆ. ಜಾಗ ಖಾಲಿಯಾಗುತ್ತಿರುವುದೇ ಕಟ್ಟೆಯ ಗುಣ. ಆರ್ಸೆನಿಕ್, ಕಬ್ಬಿಣ, ನಿಕ್ಕಲ್‌ನಂಥವು ಬಂದು ಕೂತರೆ ಏಳುವುದಿಲ್ಲ. ಒಂದೊಂದೇ ಜಾಗ ಹಿಡಿಯುತ್ತ ತಿಂಗಳುಗಟ್ಟಲೆ ಸದ್ದಿಲ್ಲದೆ ಕಟ್ಟೆ ತುಂಬುತ್ತದೆ. ಆದ್ದರಿಂದ ಇಂಥ ಅನಿಲದಲ್ಲಿ ಲೋಹ ಎಷ್ಟಿರಬಹುದು ಎಂಬುದನ್ನು ಶತಕೋಟಿಯಲ್ಲಿ ಎಷ್ಟು ಪಾಲು ಎಂದು ಅಳೆಯುತ್ತಾರೆ. ಮೆಥನಾಲ್ ವೇಗವರ್ಧಕಕ್ಕೆ ಬೆರಳೆಣಿಕೆಯಷ್ಟು ಪಾಲೇ ಹೆಚ್ಚು. ಶತಕೋಟಿಯಲ್ಲಿ ಒಂದು ಪಾಲು ಎಂದರೆ ಎಷ್ಟು? ಆಲಮಟ್ಟಿ ಜಲಾಶಯ 519.6 ಮೀಟರ್ ತುಂಬಿ ನಿಂತಾಗ ಅದರಲ್ಲಿ 123 ಟಿಎಂಸಿ ನೀರು. ಅದರ ಶತಕೋಟಿಯ ಒಂದು ಪಾಲು ಸುಮಾರು 3,500 ಲೀಟರ್, ಟ್ರ್ಯಾಕ್ಟರು ಎಳೆಯುವ ಒಂದು ಸಣ್ಣ ಟ್ಯಾಂಕರ್. ಇಡೀ ಆಲಮಟ್ಟಿಯಿಂದ ಅಷ್ಟೇ ನೀರನ್ನು ಹುಡುಕಿ ಹೊರತೆಗೆಯಬೇಕು.

ಲೋಹ ಅನಿಲದಲ್ಲಿ ಹೇಗೆ ಬಂತು ಎಂಬುದೇ ಮೊದಲ ಬೆರಗು. ಲೋಹ ಎಂದರೆ ಭಾರ, ಗಟ್ಟಿ, ಕೆಳಗೆ ಬೀಳುವ ವಸ್ತು ಎಂದು ನಮ್ಮ ಕೈ ಕಲಿತಿದೆ. ರಾಜಸ್ಥಾನದ ಜಾವರ್ ಗಣಿಯವರು ಇದಕ್ಕೆ ತಿರುಗುಮುರುಗಾದ ಪಾಠವನ್ನು ಶತಮಾನಗಳ ಹಿಂದೆಯೇ ಕಲಿತಿದ್ದರು. ಸತುವಿನ ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಸತುವು ಕರಗಿ ತಳಕ್ಕೆ ಇಳಿಯುವುದಿಲ್ಲ, ಆವಿಯಾಗಿ ಹಾರುತ್ತದೆ. 907 ಡಿಗ್ರಿಯಲ್ಲಿ ಅದು ಕುದಿಯುತ್ತದೆ, ಅದಿರಿನಿಂದ ಬಿಡುಗಡೆಯಾಗುವುದು ಅದಕ್ಕೂ ಹೆಚ್ಚಿನ ಬಿಸಿಯಲ್ಲಿ. ಜಾವರಿನವರು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗು ನಿಲ್ಲಿಸಿ, ಆವಿಯನ್ನು ಕೆಳಗಿನ ತಂಪು ಪಾತ್ರೆಗೆ ಇಳಿಸಿ ಹಿಡಿದರು. ಬೀದರಿನ ಬಿದ್ರಿ ಹೂಜಿಯ ಬಹುಪಾಲು ಇದೇ ಸತುವು.

ಗ್ಯಾಸಿಫೈಯರ್ ಎಂದರೆ ನಾವು ಗೊತ್ತಿಲ್ಲದೆ ಕಟ್ಟಿದ ಜಾವರಿನ ಮೂಸೆ. ಅಲ್ಲೂ ಇದ್ದಿಲು, ಅಲ್ಲೂ ಸಾವಿರ ಡಿಗ್ರಿಯ ಆಸುಪಾಸಿನ ಬಿಸಿ, ಅಲ್ಲೂ ಆಕ್ಸಿಜನ್ನಿನ ಬರ. ಕಟ್ಟಿಗೆಯಲ್ಲೋ ಬಣ್ಣ ಬಳಿದ ಹಳೆಯ ಹಲಗೆಯಲ್ಲೋ ಇದ್ದ ಸತುವು, ಸೀಸ, ಕ್ಯಾಡ್ಮಿಯಂ ಆವಿಯಾಗಿ ಅನಿಲದ ಜೊತೆ ಹೊರಡುತ್ತವೆ. ತಾಮ್ರ ಹಾಗಲ್ಲ. ಕ್ಲೋರಿನ್ ಹೆಚ್ಚಿಲ್ಲದಿದ್ದರೆ ಅದರ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ದ್ರಾಕ್ಷಿ ಕಡ್ಡಿಯ ನೀಲಿ ಪುಡಿ ಅನಿಲಕ್ಕಿಂತ ಬೂದಿಯ ಪ್ರಶ್ನೆ ಎಂದು ಇಲ್ಲೇ ಗುರುತು ಹಾಕಿಕೊಳ್ಳೋಣ.

ಬೆಳೆ ಉಳಿಕೆಗಳಲ್ಲಿ ದೊಡ್ಡ ತಲೆನೋವು ಪೊಟ್ಯಾಶಿಯಂ. ಮರದ ಕಾಂಡದಲ್ಲಿ ಅದು ತೂಕದ ಶೇ 0.1ರ ಆಸುಪಾಸು, ಹುಲ್ಲು, ರವದಿಗಳಲ್ಲಿ ಶೇ 1 ದಾಟುವುದೂ ಉಂಟು. ಒಣದ್ರಾಕ್ಷಿ ಮಾಡುವವರಿಗೆ ಈ ಲೋಹದ ಪರಿಚಯ ಚೆನ್ನಾಗಿದೆ. ಗೊನೆಯನ್ನು ಶೆಡ್ಡಿಗೆ ಏರಿಸುವ ಮೊದಲು ಡಿಪ್ಪಿಂಗ್ ಆಯಿಲ್ ಜೊತೆ ಕಲಸಿ ಅದ್ದುವ ಬಿಳಿ ಪುಡಿ ಪೊಟ್ಯಾಶಿಯಂ ಕಾರ್ಬೊನೇಟ್. ಹಿಂದೆ ಅದನ್ನು ತೆಗೆಯುತ್ತಿದ್ದದ್ದೇ ಕಟ್ಟಿಗೆಯ ಬೂದಿಯನ್ನು ನೀರಲ್ಲಿ ನೆನೆಸಿ, ತಿಳಿಯನ್ನು ಗಡಿಗೆಯಲ್ಲಿ ಕುದಿಸಿ. ಪೊಟ್ಯಾಶ್ ಎಂಬ ಇಂಗ್ಲಿಷ್ ಹೆಸರಿನ ಅರ್ಥವೂ ಗಡಿಗೆ ಬೂದಿ ಎಂದೇ. ಗ್ಯಾಸಿಫೈಯರಿನ ಬಿಸಿಯಲ್ಲಿ ಪೊಟ್ಯಾಶಿಯಂ ಕ್ಲೋರೈಡಾಗಿ ಆವಿಯಾಗುತ್ತದೆ. ಅನಿಲ ಸುಮಾರು 600 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ಸಿಕ್ಕ ಸಿಕ್ಕ ಮೈಗೆ ಅಂಟುತ್ತದೆ, ಪಡಸಾಲೆಯ ಜಂತಿಗೆ ಮಸಿ ಕೂತ ಹಾಗೆ. ಗ್ಯಾಸ್ ಟರ್ಬೈನಿನ ಅಲಗುಗಳಿಗೆ ಇದು ತುಕ್ಕಿಗಿಂತ ಕೆಟ್ಟದ್ದು. ಹಿಡಿಯುವ ದಾರಿ ಎರಡು. ಒಂದು, ಅನಿಲವನ್ನು ತಣಿಸಿ ಆವಿಯನ್ನು ಧೂಳಿನ ಕಣಗಳ ಮೇಲೆ ಕೂರಿಸಿ ಸಾಣಿಗೆ ಹಿಡಿಯುವುದು. ಇನ್ನೊಂದು, 800-900 ಡಿಗ್ರಿಯ ಬಿಸಿಯಲ್ಲೇ ಅನಿಲವನ್ನು ಬಾಕ್ಸೈಟ್ ಅಥವಾ ಬಿಳಿ ಜೇಡಿಯ ಗುಂಡುಗಳ ಮೇಲೆ ಹಾಯಿಸುವುದು. ಅಲ್ಲಿ ಪೊಟ್ಯಾಶಿಯಂ, ಅಲ್ಯುಮಿನಿಯಂ, ಸಿಲಿಕಾ ಕೂಡಿ ಕಲ್ಲಾಗುತ್ತವೆ. ಬೆಳಗಾವಿ ಸೀಮೆಯ ಬಾಕ್ಸೈಟನ್ನು ನಾವು ಅಲ್ಯುಮಿನಿಯಂ ಅದಿರೆಂದಷ್ಟೇ ನೋಡಿದ್ದೇವೆ. ಬೇರಿನ ಮೂಲಕ ಮಣ್ಣಿನಿಂದ ಮೇಲೇರಿ ಬಂದ ಪೊಟ್ಯಾಶಿಯಂ ಮತ್ತೆ ಕಲ್ಲು ಸೇರುವುದು ನನಗೆ ಬಹಳ ಇಷ್ಟವಾದ ರಸಾಯನ.

ಇಲ್ಲಿಯವರೆಗಿನ ಲೋಹಗಳೆಲ್ಲ ಬಿಸಿಗೆ ಹಾರಿದವು, ತಂಪಿಗೆ ಕೂತವು. ಇನ್ನೊಂದು ಜಾತಿ ಇದೆ, ಅದರ ನಡೆ ತೀರ ಉಲ್ಟಾ.

1889ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ರಸಾಯನಜ್ಞ ಲುಡ್ವಿಗ್ ಮಾಂಡ್ ಮತ್ತು ಅವರ ಸಹಾಯಕ ಕಾರ್ಲ್ ಲ್ಯಾಂಗರ್ ಹೈಡ್ರೋಜನ್ನಿನಿಂದ ನೇರ ವಿದ್ಯುತ್ ತೆಗೆಯುವ ಕೋಶದ ಮೇಲೆ ದುಡಿಯುತ್ತಿದ್ದರು. ಕಲ್ಲಿದ್ದಲ ಅನಿಲದಿಂದ ಬಂದ ಹೈಡ್ರೋಜನ್ನಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಉಳಿದು ಪ್ಲಾಟಿನಮ್ಮನ್ನು ಕೆಡಿಸುತ್ತಿತ್ತು. ಇಂದು ಬೆಂಗಳೂರಿನ ಪ್ರಯೋಗಾಲಯದ ಮುಂದಿರುವ ತೊಡಕು ಆಗಲೇ ಅವರ ಮುಂದಿತ್ತು. ಇನ್ನೊಂದು ಕಡೆ ಅವರ ಸೋಡಾ ಕಾರ್ಖಾನೆಯಲ್ಲಿ ನಿಕ್ಕಲ್ ವಾಲ್ವುಗಳು ಕಪ್ಪಾಗಿ ಸೋರುತ್ತಿದ್ದವು. ಕಾರ್ಬನ್ ಮಾನಾಕ್ಸೈಡು ನಿಕ್ಕಲ್‌ಗೆ ಏನು ಮಾಡುತ್ತದೆ ಎಂದು ನೋಡಲು ಗಾಜಿನ ನಳಿಗೆಯಲ್ಲಿ ನಿಕ್ಕಲ್ ಪುಡಿ ಇಟ್ಟು ಕಾಯಿಸಿ ಅನಿಲ ಹಾಯಿಸಿದರು. ಹೊರಬರುವ ಅನಿಲ ವಿಷ, ಹಾಗಾಗಿ ನಳಿಗೆಯ ತುದಿಯಲ್ಲಿ ಅದನ್ನು ಉರಿಸಿಬಿಡುತ್ತಿದ್ದರು. ಕಾರ್ಬನ್ ಮಾನಾಕ್ಸೈಡಿನ ಜ್ವಾಲೆ ಮಂಕು ನೀಲಿ. ಪ್ರಯೋಗ ನಿಲ್ಲಿಸಿ ನಳಿಗೆ ಆರತೊಡಗಿದಾಗ ಆ ಜ್ವಾಲೆಗೆ ಇದ್ದಕ್ಕಿದ್ದಂತೆ ಹಸಿರು ಮಿಶ್ರಿತ ಹಳದಿ ಬೆಳಕು ಬಂತು. ನಳಿಗೆಯ ಇನ್ನೊಂದು ಜಾಗವನ್ನು ಕಾಯಿಸಿದರೆ ಗಾಜಿನ ಒಳಮೈಗೆ ಥಳಥಳಿಸುವ ಕನ್ನಡಿ ಹತ್ತಿತು. ಆ ಕನ್ನಡಿ ಅಪ್ಪಟ ನಿಕ್ಕಲ್.

ಒಂದು ನಿಕ್ಕಲ್ ಪರಮಾಣುವನ್ನು ನಾಲ್ಕು ಕಾರ್ಬನ್ ಮಾನಾಕ್ಸೈಡ್ ಅಣುಗಳು ಹೊತ್ತೊಯ್ಯುತ್ತವೆ. ಅದು ನಿಕ್ಕಲ್ ಕಾರ್ಬೊನಿಲ್. 1890ರಲ್ಲಿ ಮಾಂಡ್, ಲ್ಯಾಂಗರ್, ಕ್ವಿಂಕ್ ಮೂವರೂ ಕೂಡಿ ಅದನ್ನು ಪ್ರಕಟಿಸಿದರು. ಅದರ ಕುದಿಬಿಂದು 43 ಡಿಗ್ರಿ. ವಿಜಯಪುರದ ಮೇ ತಿಂಗಳ ಬಿಸಿಲೇ ಅದನ್ನು ಕುದಿಸಲು ಹೆಚ್ಚುಕಡಿಮೆ ಸಾಕು. ಐವತ್ತು ಅರವತ್ತು ಡಿಗ್ರಿಯಲ್ಲಿ ಹುಟ್ಟುತ್ತದೆ, ಇನ್ನೂರು ದಾಟಿದರೆ ಒಡೆದು ಲೋಹವನ್ನು ಕೆಳಗಿಳಿಸುತ್ತದೆ. ತಂಪಿನಲ್ಲಿ ಹಾರಿ ಬಿಸಿಯಲ್ಲಿ ಕೂರುವ ಲೋಹ! ಮಾಂಡ್ ಭಾರದ ಲೋಹಗಳಿಗೆ ರೆಕ್ಕೆ ಕಟ್ಟಿದರು ಎಂದು ಲಾರ್ಡ್ ಕೆಲ್ವಿನ್ ಹೇಳಿದ ಮಾತು ಪ್ರಸಿದ್ಧ. ಮರುವರ್ಷವೇ ಕಬ್ಬಿಣದ ಕಾರ್ಬೊನಿಲ್ ಕೂಡ ಸಿಕ್ಕಿತು. ಆ ಕಾಲದಲ್ಲಿ ಉಕ್ಕಿನ ಸಿಲಿಂಡರಿನಲ್ಲಿ ಒತ್ತಿಟ್ಟ ಅನಿಲದಿಂದ ದೀಪ ಹಚ್ಚಿದರೆ ಕೆಂಪು ಮಣ್ಣಿನಂಥ ಪುಡಿ ಕೂರುತ್ತಿದ್ದುದರ ಗುಟ್ಟು ಅದರಿಂದ ಬಿಡಿಸಿತು. ಮದುವೆ ಮೆರವಣಿಗೆಯ ಪೆಟ್ರೋಮ್ಯಾಕ್ಸ್ ಕಂಡವರಿಗೆ ಅದರ ಬಲೆಯಂಥ ಬಿಳಿ ಮ್ಯಾಂಟಲ್ ನೆನಪಿರಬಹುದು. ಅಂಥ ಮ್ಯಾಂಟಲ್ಲಿಗೆ ಕಬ್ಬಿಣದ ಪುಡಿ ಹತ್ತಿದರೆ ಬೆಳಕು ಮಂಕು. ಸಿಲಿಂಡರಿನ ಉಕ್ಕೇ ಅನಿಲಕ್ಕೆ ಸೇರಿ ದೀಪದ ಬಿಸಿಗೆ ಕೆಳಗಿಳಿಯುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಇದು. ಸಿನ್‌ಗ್ಯಾಸ್ ಘಟಕದಲ್ಲಿ ಕಾರ್ಬೊನಿಲ್ ಬರುವುದು ಕಲ್ಲಿದ್ದಲಿನಿಂದಲೋ ಕಟ್ಟಿಗೆಯಿಂದಲೋ ಎನ್ನುವುದಕ್ಕಿಂತ ನಮ್ಮ ಕೊಳವೆಯಿಂದ. ಅನಿಲವನ್ನು ಎಷ್ಟೇ ಶುದ್ಧ ಮಾಡಿ, ಒತ್ತಡ ಏರಿಸಿ, ನೂರು ಇನ್ನೂರು ಡಿಗ್ರಿಯಲ್ಲಿ ಸಾದಾ ಉಕ್ಕಿನ ಕೊಳವೆಯೊಳಗೆ ಕಳಿಸಿದರೆ ಅದು ದಾರಿಯಲ್ಲಿ ಕಬ್ಬಿಣ ಕಿತ್ತುಕೊಂಡು ಬರುತ್ತದೆ. ಮೆಥನಾಲ್ ವೇಗವರ್ಧಕದ ಬಿಸಿ 220ರಿಂದ 280 ಡಿಗ್ರಿ, ಅಂದರೆ ಕಾರ್ಬೊನಿಲ್ ತನ್ನ ಹೊರೆ ಇಳಿಸಲು ಹೇಳಿ ಮಾಡಿಸಿದ ಜಾಗ. ಹೊಸಹಳ್ಳಿಯಂಥ ಸಾದಾ ಒತ್ತಡದ ಘಟಕದಲ್ಲಿ ಈ ತೊಂದರೆ ಗಣನೆಗೆ ಬರುವುದಿಲ್ಲ. ಒತ್ತಡ ಏರಿದಂತೆ ಇದು ಏರುತ್ತದೆ. ಆ ಬಿಸಿಯ ಪಟ್ಟಿಯಲ್ಲಿ ಸಾದಾ ಉಕ್ಕಿನ ಬದಲು ತಕ್ಕ ಲೋಹದ ಕೊಳವೆ ಹಾಕುವುದು, ವೇಗವರ್ಧಕದ ಬಾಗಿಲಲ್ಲೇ ಕ್ರಿಯಾಶೀಲ ಇದ್ದಿಲಿನ ಹಾಸು ಕಾವಲಿಡುವುದು, ಇಷ್ಟೇ ಉಪಾಯ. ಕಾವಲನ್ನು ಬಹಳ ಹಿಂದೆ ಇಟ್ಟರೆ ಮುಂದಿನ ಕೊಳವೆ ಮತ್ತೆ ಅನಿಲಕ್ಕೆ ಕಬ್ಬಿಣ ಸೇರಿಸುತ್ತದೆ. ನಿಕ್ಕಲ್ ಕಾರ್ಬೊನಿಲ್ ಮನುಷ್ಯರಿಗೂ ಘೋರ ವಿಷ ಎಂಬುದನ್ನು ಇಲ್ಲಿ ಮರೆಯಬಾರದು. ಹಾಸು ಬದಲಾಯಿಸಲು ತೊಟ್ಟಿಯ ಮುಚ್ಚಳ ತೆರೆಯುವವರ ಉಸಿರಿನ ಲೆಕ್ಕ ವೇಗವರ್ಧಕದ ಲೆಕ್ಕಕ್ಕಿಂತ ಮೊದಲು ಆಗಬೇಕು.

ಪಾದರಸದ ಕತೆ ಬೇರೆ. ಕಟ್ಟಿಗೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಕಲ್ಲಿದ್ದಲಿನಲ್ಲಿ ಟನ್ನಿಗೆ ಸುಮಾರು ಹತ್ತನೇ ಒಂದು ಗ್ರಾಂ. ಏನು ಮಹಾ ಅನಿಸುತ್ತದೆ. ಹತ್ತು ಸಾವಿರ ಟನ್ ಉರಿದರೆ ಒಂದು ಕಿಲೋ. ನಮ್ಮ ಜಿಲ್ಲೆಯದೇ ಆದ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ಅಲ್ಲಿ ಕಲ್ಲಿದ್ದಲು ಪುಡಿಯಾಗಿ ಗಾಳಿಯಲ್ಲಿ ಪೂರ್ತಿ ಉರಿಯುತ್ತದೆ, ದೇಶದ ಹೆಚ್ಚಿನೆಲ್ಲ ಉಷ್ಣ ಸ್ಥಾವರಗಳಲ್ಲಿ ಉರಿಯುವ ಹಾಗೆ. ಇಂಥ ಸ್ಥಾವರಗಳ ಹೊಗೆಯಲ್ಲಿ ಪಾದರಸ ಘನ ಮೀಟರಿಗೆ 0.03 ಮಿಲಿಗ್ರಾಂ ದಾಟಬಾರದೆಂದು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಮಿತಿ ಹಾಕಿತು. ಕಷ್ಟವೇನೆಂದರೆ ಚಿಮಣಿಯ ಹೊಗೆ ಅಗಾಧ. ಅದರ ಬಹುಪಾಲು ಗಾಳಿಯ ನೈಟ್ರೋಜನ್, ಅದೂ ಬಿಸಿ, ಅದೂ ಸಾದಾ ಒತ್ತಡದಲ್ಲಿ ಹಿಗ್ಗಿದ್ದು. ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ.

ಉರಿಸುವ ಮೊದಲೇ ಹಿಡಿದರೆ? ಅಮೆರಿಕದ ಟೆನೆಸಿಯ ಕಿಂಗ್ಸ್‌ಪೋರ್ಟಿನಲ್ಲಿ ಈಸ್ಟ್‌ಮನ್ ಕಂಪನಿ 1983ರಿಂದ ಕಲ್ಲಿದ್ದಲನ್ನು ಅನಿಲವಾಗಿಸಿ ರಾಸಾಯನಿಕ ತಯಾರಿಸಿತು. ಅನಿಲವನ್ನು 30 ಡಿಗ್ರಿಗೆ ತಣಿಸಿ, ಸುಮಾರು 60 ವಾತಾವರಣದ ಒತ್ತಡದಲ್ಲಿ, ಗಂಧಕ ಹೀರಿಸಿದ ಇದ್ದಿಲಿನ ಹಾಸಿನ ಮೂಲಕ ಬಿಟ್ಟರು. ಪಾದರಸದಲ್ಲಿ ಶೇ 90ಕ್ಕಿಂತ ಹೆಚ್ಚು ಅಲ್ಲೇ ನಿಂತಿತು. ಒಂದು ಹಾಸು ಒಂದೂವರೆ ಎರಡು ವರ್ಷ ಬಾಳುತ್ತದೆ. ಒತ್ತಡದಲ್ಲಿ ಕುಗ್ಗಿದ, ನೈಟ್ರೋಜನ್ ಇಲ್ಲದ ಈ ಅನಿಲದ ಗಾತ್ರ ಅಷ್ಟೇ ಕಲ್ಲಿದ್ದಲಿನ ಚಿಮಣಿ ಹೊಗೆಯ ನೂರನೇ ಒಂದು ಪಾಲೂ ಅಲ್ಲ. ಜಾತ್ರೆಗೆ ಹೊರಡುವ ಮೊದಲು ಮನೆಯ ಹೊಸ್ತಿಲಲ್ಲೇ ಮಗುವಿನ ಕೈ ಹಿಡಿದ ಹಾಗಾಯಿತು.

ಆ ಹಾಸಿನೊಳಗೆ ನಡೆಯುವುದು ನಮ್ಮ ಆಯುರ್ವೇದ ಪಂಡಿತರು ಕಲ್ವದಲ್ಲಿ ಮಾಡುತ್ತಿದ್ದ ಕೆಲಸವೇ. ಪಾದರಸವನ್ನೂ ಗಂಧಕವನ್ನೂ ಗಂಟೆಗಟ್ಟಲೆ ಅರೆದರೆ ಪಾದರಸದ ಹೊಳಪು ಮಾಯವಾಗಿ ಕಾಡಿಗೆಯಂಥ ಕಪ್ಪು ಪುಡಿ ಆಗುತ್ತದೆ. ಅದಕ್ಕೆ ಕಜ್ಜಳಿ ಎಂದು ಹೆಸರು. ಪಾದರಸದ ಸಲ್ಫೈಡ್ ಅದು. ಅದೇ ಕೆಂಪು ರೂಪ ತಾಳಿದರೆ ಇಂಗಳೀಕ, ಗಣಿಯಲ್ಲಿ ಸಿಗುವ ಪಾದರಸದ ಅದಿರು. ಓಡಾಡುವ ಪಾದರಸವನ್ನು ಕಟ್ಟಿಹಾಕಲು ಗಂಧಕ ಬೇಕು ಎಂಬ ತಿಳಿವಳಿಕೆ ರಸಶಾಸ್ತ್ರದಲ್ಲಿ ಗಟ್ಟಿಯಾಗಿತ್ತು. ಅದನ್ನು ಮದ್ದೆಂದು ಕೊಡುವ ಮಾತು ಬೇರೆ, ನಾನು ಅದರ ಪರವಾಗಿಲ್ಲ. ಆದರೆ ಕಲ್ವದ ಮೇಲೆ ಕಣ್ಣೆದುರು ಹೊಳಪು ಆರುವುದನ್ನು ಗಮನಿಸಿದವರ ನೋಟಕ್ಕೆ ನನ್ನ ಗೌರವವಿದೆ.

ಅದೇ ಕಿಂಗ್ಸ್‌ಪೋರ್ಟಿನಲ್ಲಿ 1997ರಲ್ಲಿ ಹೊಸ ಬಗೆಯ ಮೆಥನಾಲ್ ಘಟಕ ಶುರುವಾಯಿತು. ವೇಗವರ್ಧಕ ಎಣಿಸಿದ್ದಕ್ಕಿಂತ ಬೇಗ ಸೋತಿತು. ಹೊರತೆಗೆದು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಸಿಕ್ಕಿತು. ಕಲ್ಲಿದ್ದಲಿನ ಆರ್ಸೆನಿಕ್ ಹೈಡ್ರೋಜನ್ ಜೊತೆ ಸೇರಿ ಆರ್ಸೀನ್ ಎಂಬ ಅನಿಲವಾಗಿ, ಎಲ್ಲ ತೊಳೆತವನ್ನೂ ದಾಟಿ ಬಂದಿತ್ತು. ತಾಮ್ರ ಕಂಡಲ್ಲಿ ಆರ್ಸೆನಿಕ್ ಅಂಟುತ್ತದೆ, ವೇಗವರ್ಧಕ ಕೆಟ್ಟದ್ದೂ ಅದಕ್ಕೇ. ಹಾಗಾದರೆ ಮುಂದೆ ಕಾವಲಿಗೆ ಅಗ್ಗದ ತಾಮ್ರವನ್ನೇ ಇದ್ದಿಲಿಗೆ ಹೀರಿಸಿ ಇಟ್ಟರಾಯಿತು.

ಭಾರತಕ್ಕೆ ಇವೆಲ್ಲ ದೂರದ ಸುದ್ದಿಯಲ್ಲ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಯನ್ನು ದೇಶ ಇಟ್ಟುಕೊಂಡಿದೆ. 2021ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ನಮ್ಮ ಬೂದಿ ತುಂಬಿದ ಕಲ್ಲಿದ್ದಲಿನಿಂದಲೇ ದಿನಕ್ಕೆ ಕಾಲು ಟನ್ ಮೆಥನಾಲ್ ಮಾಡುವ ಪ್ರಾಯೋಗಿಕ ಘಟಕ ನಡೆಸಿ ತೋರಿಸಿತು.

ಒಂದೊಂದು ಲೋಹಕ್ಕೆ ಒಂದೊಂದು ಬಿಸಿ, ಒಂದೊಂದು ಬಲೆ. ಹಾಗಾಗಿ ಅನಿಲವನ್ನು ಒಂದೇ ಏಟಿಗೆ ತೊಳೆಯಲಾಗದು, ಮೆಟ್ಟಿಲಿಳಿಸಿ ತೊಳೆಯಬೇಕು. ಇದನ್ನು ಯೋಚಿಸುವಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ತೊರವಿಯ ನೀರು. ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರೆಂದು, ನರಸಿಂಹನ ಗುಡಿಯ ಊರೆಂದು, ಇಬ್ರಾಹಿಂ ಆದಿಲ್‌ಶಾಹನ ನೌರಸ್‌ಪುರದ ನೆರೆಯ ಊರೆಂದು ತೊರವಿಯನ್ನು ನಾವು ನೆನೆಯುತ್ತೇವೆ. ಈ ನೆಲದಡಿಯ ಸುರಂಗ ಕಾಲುವೆ ವಿಜಯಪುರದ ದಾಹ ತಣಿಸಿತ್ತು. ಆದಿಲ್‌ಶಾಹಿ ನೀರಿನ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರ ನಿಲ್ಲಿಸಿದ್ದರು. ಅವನ್ನು ಗಂಜ್ ಎನ್ನುತ್ತಾರೆ. ನಗರದೊಳಗೆ ಇಂದಿಗೂ ಕೆಲವು ನಿಂತಿವೆ. ನೀರು ಗಂಜಿನೊಳಗೆ ಏರಿ, ಒತ್ತಡ ಕಳೆದುಕೊಂಡು, ಹೂಳನ್ನು ತಳಕ್ಕೆ ಬಿಟ್ಟು, ತಿಳಿಯಾಗಿ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಅನಿಲದ ದಾರಿಯೂ ಹೀಗೇ. ಮೊದಲ ಗಂಜಿನಲ್ಲಿ, ಇನ್ನೂ ಕೆಂಡದ ಬಿಸಿ ಇರುವಾಗ, ಸುಂಟರಗಾಳಿಯಂತೆ ಸುತ್ತಿಸಿ ದಪ್ಪ ಧೂಳು ಕಳೆಯುವುದು. ಐನೂರು ನಾನೂರು ಡಿಗ್ರಿಗೆ ಇಳಿದಾಗ ಪೊಟ್ಯಾಶಿಯಂ, ಸತುವು, ಸೀಸಗಳು ಧೂಳಿಗಂಟಿ ಜರಡಿಯಲ್ಲಿ ನಿಲ್ಲುವುದು. ಆಮೇಲೆ ನೀರಿನ ತುಂತುರಿನಲ್ಲಿ ಕ್ಲೋರೈಡುಗಳು. ಕೊನೆಗೆ ಕೈ ತಾಳುವಷ್ಟು ತಣ್ಣಗಾದ ಮೇಲೆ ಇದ್ದಿಲಿನ ಹಾಸಿನಲ್ಲಿ ಪಾದರಸ, ಆರ್ಸೀನ್, ಕಾರ್ಬೊನಿಲ್.

ಹೀಗೆ ತಣಿಸಿದರೆ ಅನಿಲದ ಬಿಸಿ ಹಾಳಾಗುತ್ತದೆ, ಬಿಸಿಯಲ್ಲೇ ತೊಳೆಯಬೇಕು ಎಂಬ ಪಂಥವೊಂದಿದೆ. ದಶಕಗಳಿಂದ ಅದಕ್ಕಾಗಿ ಪಿಂಗಾಣಿ ಜರಡಿಗಳನ್ನು ಮಾಡುತ್ತಿದ್ದಾರೆ, ಅವು ಬಿರುಕು ಬಿಡುತ್ತಿವೆ. ದೊಡ್ಡ ವಿದ್ಯುತ್ ಸ್ಥಾವರಕ್ಕೆ ಆ ಆಸೆ ಸರಿ ಇರಬಹುದು. ನಮ್ಮ ಹೊಲದ ಕಡ್ಡಿ ನಂಬಿ ಕಟ್ಟುವ ಸಣ್ಣ ಘಟಕಕ್ಕೆ ತಣ್ಣಗೆ ಮಾಡಿ ತೊಳೆಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾದರಸವನ್ನೂ ಕಾರ್ಬೊನಿಲ್ಲನ್ನೂ ಬಿಸಿಯಲ್ಲಿ ನಂಬಿಕೆಯಿಂದ ಹಿಡಿಯುವ ಬಲೆ ಇನ್ನೂ ಕೈಗೆಟುಕಿಲ್ಲ. ತುಂತುರಿನ ನೀರನ್ನು ಮಾತ್ರ ಮತ್ತೆ ಮತ್ತೆ ಬಳಸುವ ಹಾಗೆ, ಒಂದು ಹನಿಯೂ ಹಳ್ಳಕ್ಕೆ ಹರಿಯದ ಹಾಗೆ ಕಟ್ಟಬೇಕು. ಡೋಣಿ ನದಿಯ ನೀರು ಸವುಳಾಗಿ ಸಂಕಟಪಡುವ ಸೀಮೆ ನಮ್ಮದು. ಅದಕ್ಕೆ ಲೋಹದ ತೊಳೆನೀರು ಸೇರಿಸುವ ಹಕ್ಕು ಯಾವ ಹಸಿರು ಇಂಧನಕ್ಕೂ ಇಲ್ಲ.

ಇದ್ದಿಲಿನ ಹಾಸನ್ನು ಎಲ್ಲಿಂದಲೋ ತರಬೇಕಾಗಿಲ್ಲ. ತಿಪಟೂರಿನ ತೆಂಗಿನ ಕರಟದ ಇದ್ದಿಲಿಗೆ ಹಬೆ ಹಾಯಿಸಿ ರಂಧ್ರ ಬಿಡಿಸಿದರೆ ಒಂದು ಗ್ರಾಮಿನ ಒಳಮೈ ಸಾವಿರ ಚದರ ಮೀಟರ್ ಮುಟ್ಟುತ್ತದೆ. ಚಿಟಿಕೆ ಇದ್ದಿಲಿನಲ್ಲಿ ಹತ್ತು ಗುಂಟೆ ಹೊಲ ಮಡಿಸಿಟ್ಟ ಹಾಗೆ. ಲೋಹದ ಅಣು ಎಷ್ಟೇ ವಿರಳವಾಗಿದ್ದರೂ ಇಷ್ಟು ದೊಡ್ಡ ಹೊಲದಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ತುಂಬಿದ ಹಾಸು ಮಾತ್ರ ತಿಪ್ಪೆಗೆ ಹೋಗಕೂಡದು. ಪಾದರಸ ಹೀರಿದ ಇದ್ದಿಲನ್ನು ಒಲೆಗೆ ಹಾಕಿದರೆ ಎರಡು ವರ್ಷ ಹಿಡಿದಿಟ್ಟದ್ದು ಒಂದು ಮಧ್ಯಾಹ್ನದಲ್ಲಿ ಹಾರಿಹೋಗುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಮುಚ್ಚಿ, ತೂಗಿ, ಬರೆದಿಟ್ಟು, ಅದಕ್ಕೆಂದೇ ಇರುವ ಜಾಗಕ್ಕೆ ಕಳಿಸಬೇಕು.

ಗುರುತು ಹಾಕಿಕೊಂಡ ತಾಮ್ರಕ್ಕೆ ಬರೋಣ. ದ್ರಾಕ್ಷಿ ಕಡ್ಡಿಯ ತಾಮ್ರ ಬೂದಿಯಲ್ಲಿ ಉಳಿಯುತ್ತದೆ. ನೂರು ಕಿಲೋ ಕಡ್ಡಿ ಕೆಲವೇ ಕಿಲೋ ಬೂದಿಯಾಗುವಾಗ ತಾಮ್ರ ಅಷ್ಟೂ ಪಟ್ಟು ಗಟ್ಟಿಯಾಗುತ್ತದೆ. ಬೂದಿ ಒಳ್ಳೆಯ ಗೊಬ್ಬರ ಎಂಬ ನಂಬಿಕೆ ಪೊಟ್ಯಾಶಿನ ಮಟ್ಟಿಗೆ ನಿಜ. ವರ್ಷಾನುವರ್ಷ ಬೋರ್ಡೋ ಕಂಡ ಅದೇ ತೋಟಕ್ಕೆ ಅದೇ ಬೂದಿಯನ್ನು ಮರಳಿ ಸುರಿದರೆ ಎರೆಮಣ್ಣಿನ ತಾಮ್ರ ಏರುತ್ತಲೇ ಹೋಗುತ್ತದೆ, ಎರೆಹುಳು ಮೊದಲು ಜಾಗ ಖಾಲಿ ಮಾಡುತ್ತದೆ. ತೊಗರಿ ಕಟ್ಟಿಗೆಯ ಬೂದಿಗೆ ಈ ತೊಡಕಿಲ್ಲ.

ಆದ್ದರಿಂದ ಈ ಸೀಮೆಯಲ್ಲಿ ಯಾರಾದರೂ ಗ್ಯಾಸಿಫೈಯರ್ ತರುವುದಾದರೆ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಮೂರು ಚೀಲ ತುಂಬಲಿ. ಒಂದರಲ್ಲಿ ತಿಕೋಟಾದ ದ್ರಾಕ್ಷಿ ಕಡ್ಡಿ, ಒಂದರಲ್ಲಿ ಬಬಲೇಶ್ವರದ ತೊಗರಿ ಕಟ್ಟಿಗೆ, ಒಂದರಲ್ಲಿ ಡೋಣಿ ದಂಡೆಯ ಜಾಲಿ. ಯಾವ ಹೊಲ, ಯಾವ ತಿಂಗಳು, ಯಾವ ಸಿಂಪಡಣೆ ಎಂದು ಚೀಟಿ ಕಟ್ಟಲಿ. 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರಿನಲ್ಲಿ ತೊರವಿಯಲ್ಲೇ ಇದೆ. ಅಲ್ಲಿನ ಪ್ರಯೋಗಾಲಯದಲ್ಲಿ ಒಂದು ಮೂಸೆ, 550 ಡಿಗ್ರಿಯ ಕುಲುಮೆ, ಒಂದು ತಕ್ಕಡಿ ಇದ್ದರೆ ಬೂದಿಯ ತೂಕ ಅದೇ ದಿನ ಗೊತ್ತಾಗುತ್ತದೆ. ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಜ್ವಾಲೆಗೆ ಹಿಡಿಯುವ ಉಪಕರಣವಿದ್ದರೆ ಪೊಟ್ಯಾಶಿಯಂ ಎಷ್ಟು, ಸತುವು ಎಷ್ಟು, ತಾಮ್ರ ಎಷ್ಟು ಎಂಬುದು ಒಂದು ವಾರದ ಕೆಲಸ. ದ್ರಾಕ್ಷಿ ಕಡ್ಡಿಯ ಚೀಲವನ್ನು ಅಕ್ಟೋಬರ್ ಚಾಟ್ನಿಯಲ್ಲಿ ಒಮ್ಮೆ, ಏಪ್ರಿಲ್ ಚಾಟ್ನಿಯಲ್ಲಿ ಮತ್ತೊಮ್ಮೆ ತುಂಬಬೇಕು.